ಕಲ್ಲಬಾನಿಯ ಮೀನು, ಬಿಂಕದಕಟ್ಟಿಯ ಚಿಗರಿ

ಬೆಕ್ಕಿನ ಮರಿಯನ್ನು ನನ್ನ ತವರಿಗೆ ಸಾಗಿಸಿ ನಾಲ್ಕು ತಿಂಗಳಾಗಿತ್ತು. ಆದರೂ ಮಗಳ ಸೀನು ನಿಂತಿರಲಿಲ್ಲ. ನಸುಕಿನ ನಾಲ್ಕಕ್ಕೆ ಎದ್ದು ಕೂಡುತ್ತಿದ್ದಳು. ಒಂದರ ಹಿಂದೊಂದು ಎಂಟು ಹತ್ತು ಸೀನು, ಆಮೇಲೆ ಎದೆಯೊಳಗೆ ಸಣ್ಣ ಪೀಪಿ ಊದಿದ ಸಪ್ಪಳ. ನಮ್ಮತ್ತೆ ಹಾಸಿಗೆಯಿಂದಲೇ ಅನ್ನುತ್ತಿದ್ದರು: "ಬೆಕ್ಕ ಕಳಿಸಿದ್ದು ಸುಳ್ಳ ಆತು ನೋಡ. ಕೂಸು ಅತ್ತಿದ್ದೊಂದ ಬಂತು."

ನನಗೂ ಹಾಗೇ ಅನ್ನಿಸಿತ್ತು. ಆ ಮರಿ ಚಿನ್ನಿಯನ್ನು ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿದ ದಿನ ಮಗಳು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು, ಮಾತಾಡಲಿಲ್ಲ. ಒಂಬತ್ತು ವರ್ಷದ ಹುಡುಗಿ. ಜೋಳದ ಚೀಲಕ್ಕೆ ಇಲಿ ಹತ್ತಿದವೆಂದು ಅವಳ ಅಣ್ಣ ಕಣದಿಂದ ಎತ್ತಿ ತಂದ ಮರಿ ಅದು. ಮೂರೇ ದಿನದಲ್ಲಿ ಇಲಿ ಮರೆತು ಇವಳ ಕೌದಿಯೊಳಗೆ ಸೇರಿಕೊಂಡಿತ್ತು. ಅವಳಿಗೆ ಮೊದಲೇ ದಮ್ಮಿತ್ತು. ಮರಿ ಬಂದ ಮೇಲೆ ಅದು ರಾತ್ರಿಯ ಪಾಡಾಯಿತು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಅಸುಂಡಿ ಊರಿನ ಈ ಮನೆಗೆ ಸೊಸೆಯಾಗಿ ಬಂದು ಹದಿನಾರು ವರ್ಷ. ಆದರೂ ನನ್ನ ಮನೆಯಲ್ಲೇ ನಡೆಯುತ್ತಿದ್ದುದು ನನಗೆ ತಿಳಿದಿರಲಿಲ್ಲ. ಆ ಮೇಲೆ ಓದಿದ್ದು, ವೈದ್ಯರನ್ನು ಕೇಳಿದ್ದು, ಎಡವಿ ಕಲಿತದ್ದು, ಎಲ್ಲವನ್ನೂ ಇಲ್ಲಿ ಬರೆಯುತ್ತಿದ್ದೇನೆ. ಸೀನುವ ಮಗು, ಪ್ರಾಣಿ ಬೇಕೆನ್ನುವ ಮಗು, ಎರಡೂ ಒಂದೇ ಮಗುವಾಗಿರುವ ಮನೆಗಳು ನಮ್ಮ ಸುತ್ತ ಬಹಳ ಇವೆ.

ಹುಬ್ಬಳ್ಳಿಯಲ್ಲಿ ಅವಳಿಗೆ ಚರ್ಮದ ಪರೀಕ್ಷೆ ಮಾಡಿಸಿದೆವು. ಅದಕ್ಕೆ ಕೆಲವು ದಿನ ಮೊದಲೇ ಸೀನಿನ ಗುಳಿಗೆ ನಿಲ್ಲಿಸಲು ಹೇಳಿದ್ದರು, ಗುಳಿಗೆ ಮೈಯಲ್ಲಿದ್ದರೆ ಪರೀಕ್ಷೆ ಸರಿಯಾಗಿ ತೋರುವುದಿಲ್ಲ. ಮುಂಗೈಯ ಒಳಮೈ ಮೇಲೆ ಪೆನ್ನಿನಿಂದ ಸಣ್ಣ ಸಣ್ಣ ಗುರುತು ಹಾಕಿ, ಪ್ರತಿ ಗುರುತಿನ ಪಕ್ಕ ಒಂದೊಂದು ಹನಿ ಬಿಟ್ಟರು. ಒಂದು ಮನೆಧೂಳಿನ ನುಸಿಯದು, ಒಂದು ಜಿರಲೆಯದು, ಒಂದು ಕಾಂಗ್ರೆಸ್ ಕಸದ ಪರಾಗದ್ದು, ಒಂದು ಬೆಕ್ಕಿನದು, ಒಂದು ನಾಯಿಯದು. ಎರಡು ಹನಿ ಬರೀ ತಾಳೆ ನೋಡಲಿಕ್ಕೆ: ಒಂದು ಉಪ್ಪುನೀರು, ಅದು ಏಳಬಾರದು, ಇನ್ನೊಂದು ಹಿಸ್ಟಮಿನ್, ಅದು ಏಳಲೇಬೇಕು. ಹನಿಯ ಮೇಲೆ ಸೂಜಿಮೊನೆಯಿಂದ ತುಸುವೇ ಚುಚ್ಚಿ, ಹದಿನೈದು ನಿಮಿಷ ಕೈ ಅಲುಗಿಸದೆ ಕೂಡು ಅಂದರು. ನಾನು ಗಡಿಯಾರ ನೋಡಲಿಲ್ಲ, ಕೈಯನ್ನೇ ನೋಡುತ್ತ ಕೂತೆ. ಮೊದಲು ಹಿಸ್ಟಮಿನ್ ಕೆಂಪಗಾಯಿತು. ಆಮೇಲೆ ನುಸಿಯ ಜಾಗದಲ್ಲಿ ಸೊಳ್ಳೆ ಕಚ್ಚಿದಂಥ ದದ್ದು. ಬೆಕ್ಕಿನ ಹನಿ ಬಿದ್ದ ಕಡೆ ಬೆಳ್ಳಗೆ ಉಬ್ಬಿ, ಅಂಚು ಹರಿದು, ಹೆಸರುಕಾಳಿನಿಂದ ಶೇಂಗಾಬೀಜದಷ್ಟಾಯಿತು. ಸ್ಕೇಲು ಹಿಡಿದು ಅಳೆದರು. ಉಪ್ಪುನೀರಿನ ಗುರುತಿಗಿಂತ 3 ಮಿಲಿಮೀಟರ್ ಹೆಚ್ಚು ಉಬ್ಬಿದರೆ ಮೈ ಆ ವಸ್ತುವನ್ನು ವೈರಿ ಅಂದುಕೊಂಡಿದೆ ಎಂದು ಲೆಕ್ಕ. ನಾಯಿಯದೂ ಉಬ್ಬಿತ್ತು, ಬೆಕ್ಕಿನಷ್ಟಲ್ಲ. ಮಗಳು ಕೈ ಕೆರೆದುಕೊಳ್ಳದೆ ತುಟಿ ಕಚ್ಚಿ ಕೂತವಳು ಕೇಳಿದ್ದು ಒಂದೇ ಮಾತು: "ಚಿನ್ನಿ ಇದರಾಗ ಎಲ್ಲಿ ಐತಿ?"

ಚಿನ್ನಿ ಆ ಹನಿಯೊಳಗೇ ಇದ್ದಳು. ಬೆಕ್ಕಿನ ಕೂದಲಿನಿಂದ ಅಲರ್ಜಿ ಅನ್ನುವುದು ನಮ್ಮಲ್ಲಿ ಎಲ್ಲರೂ ಆಡುವ ಮಾತು. ತಪ್ಪು ಅದು. ಕೂದಲು ಬರೀ ಸವಾರಿ. ಬೆಕ್ಕಿನ ಜೊಲ್ಲಿನಲ್ಲಿ, ಚರ್ಮದ ಎಣ್ಣೆಗ್ರಂಥಿಗಳಲ್ಲಿ ಫೆಲ್ ಡಿ 1 ಎಂಬ ಪ್ರೋಟೀನು ಹುಟ್ಟುತ್ತದೆ. ಬೆಕ್ಕು ದಿನವಿಡೀ ಮೈ ನೆಕ್ಕಿಕೊಳ್ಳುತ್ತದಲ್ಲ, ಆ ಜೊಲ್ಲು ಒಣಗಿ ಹೊಟ್ಟಾಗಿ ಉದುರುತ್ತದೆ. ನುಸಿಯ ಧೂಳು ತೂಕದ್ದು, ಹಾಸಿಗೆ ಜಾಡಿಸಿದಾಗ ಎದ್ದು ಸ್ವಲ್ಪ ಹೊತ್ತಿಗೆ ಕೆಳಗೆ ಕೂಡುತ್ತದೆ. ಬೆಕ್ಕಿನದು ಬಹಳ ಹಗುರ, ಗಂಟೆಗಟ್ಟಲೆ ಗಾಳಿಯಲ್ಲೇ ತೇಲುತ್ತದೆ, ಉಸಿರಿನೊಂದಿಗೆ ಆಳಕ್ಕೆ ಇಳಿಯುತ್ತದೆ. ಅಂಟುವ ಗುಣವೂ ಹೆಚ್ಚು. ಗೋಡೆ, ಪರದೆ, ಬಟ್ಟೆ ಎಲ್ಲಕ್ಕೂ ಹತ್ತುತ್ತದೆ. ಬೆಕ್ಕು ಇರುವ ಮನೆಯ ಮಕ್ಕಳು ಅಂಗಿಯ ಮೇಲೆ ಅದನ್ನು ಹೊತ್ತು ತಂದು ಬೆಕ್ಕಿಲ್ಲದ ಮಕ್ಕಳ ಪಕ್ಕ ಕೂಡುವುದನ್ನು ಸ್ವೀಡನ್ನಿನ ಸಂಶೋಧಕರು ಶಾಲೆಯ ಕೋಣೆಗಳಲ್ಲೇ ಅಳೆದು ತೋರಿಸಿದ್ದಾರೆ. ಮನೆಯಿಂದ ಬೆಕ್ಕು ಹೋದ ಮೇಲೂ ಅದರ ಪ್ರೋಟೀನು ಬೆಕ್ಕಿಲ್ಲದ ಮನೆಯ ಮಟ್ಟಕ್ಕೆ ಇಳಿಯಲು ನಾಲ್ಕರಿಂದ ಆರು ತಿಂಗಳು ಬೇಕು, ಕೆಲವೊಮ್ಮೆ ಅದಕ್ಕೂ ಹೆಚ್ಚು.

ಇದನ್ನು ಓದಿದ ರಾತ್ರಿ ನಾನು ಎದ್ದು ಹೋಗಿ ಮಗಳ ಕೌದಿಯನ್ನು ಮುಟ್ಟಿ ನೋಡಿದೆ. ನಮ್ಮತ್ತೆಯವರೇ ಹೊಲಿದದ್ದು. ಹಳೇ ಇಳಕಲ್ ಸೀರೆ, ಮಾವನವರ ಧೋತರ, ನನ್ನ ಮಗನ ಮೊದಲ ಅಂಗಿ, ಎಲ್ಲ ಪದರಾಗಿ ಕೂಡಿವೆ. ಅಷ್ಟು ಪದರಿನಲ್ಲಿ ಚಿನ್ನಿ ನಾಲ್ಕು ತಿಂಗಳಿಂದ ಮಲಗಿಯೇ ಇದ್ದಳು. ನಮ್ಮ ಕಡೆ ಕೌದಿಯನ್ನು ವರ್ಷಕ್ಕೆ ಒಂದೆರಡು ಸಲ ಹಳ್ಳಕ್ಕೆ ಒಯ್ದು ಒಗೆಯುವುದು ವಾಡಿಕೆ. ಮರುದಿನವೇ ಹಂಡೆಯಲ್ಲಿ ನೀರು ಕಾಯಿಸಿ ಅದನ್ನು ನೆನೆಹಾಕಿದೆ. ಆಮೇಲಿಂದ ಅವಳಿಗೆ ತೆಳು ಹೊದಿಕೆ, ವಾರಕ್ಕೊಮ್ಮೆ ಬಿಸಿನೀರಿನ ಒಗೆತ. ನುಸಿಗೂ ಅದೇ ಮದ್ದು. ಇನ್ನೊಂದು ಎರಡು ತಿಂಗಳಿಗೆ ನಸುಕಿನ ಸೀನು ಬಹುಮಟ್ಟಿಗೆ ಇಳಿಯಿತು. ವೈದ್ಯರು ಕೊಟ್ಟ ದಮ್ಮಿನ ಪಂಪನ್ನು ಮಾತ್ರ ಒಂದು ದಿನವೂ ಬಿಡಲಿಲ್ಲ. ಪಂಪು ಹಿಡಿದರೆ ಚಟವಾಗುತ್ತದೆ ಎಂದು ಬುದ್ಧಿ ಹೇಳಿದವರು ಓಣಿಯಲ್ಲಿ ಐದಾರು ಜನ. ಚಟವಾಗುವುದಿಲ್ಲ. ಹೊಟ್ಟೆಗೆ ನುಂಗುವ ಮದ್ದಿಗಿಂತ ಬಹಳ ಕಡಿಮೆ ಪ್ರಮಾಣದಲ್ಲಿ, ಬೇಕಾದ ಜಾಗಕ್ಕೇ ಅದು ಮುಟ್ಟುತ್ತದೆ. ಇದನ್ನು ನಾನು ಎಷ್ಟು ತಾಯಂದಿರಿಗೆ ಹೇಳಿದರೂ ಸಾಲದು.

ಅಲರ್ಜಿ ಎಂಬ ಶಬ್ದವನ್ನು ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ 1906ರಲ್ಲಿ ಹುಟ್ಟಿಸಿದರು. ನಮ್ಮ ಮನೆಯಲ್ಲಿ ಆ ಶಬ್ದಕ್ಕೆ ಬೆಲೆ ಬಂದದ್ದು ಈಚೆಗೆ. "ನಾವು ದನದ ಜೋಡಿನ ಮಲಗಿ ದೊಡ್ಡವರಾದವ್ರು. ಆವಾಗ ಯಾರಿಗಿತ್ತು ಈ ಅಲರ್ಜಿ?" ಎಂದು ನಮ್ಮತ್ತೆ ಕೇಳಿದರು. ಅದನ್ನು ಹಾರಿಸಿ ಮುಂದೆ ಹೋಗಲು ನನಗೆ ಮನಸ್ಸಾಗಲಿಲ್ಲ. ಯಾಕೆಂದರೆ ಅವರು ಕಂಡದ್ದು ನಿಜ. ಹಳೆಯ ಮಾಳಿಗೆ ಮನೆಯಲ್ಲಿ ತಲಬಾಗಿಲು ದಾಟಿದರೆ ಮೊದಲು ದನದ ಅಂಕಣ, ಗ್ವಾದಲಿ, ಆಮೇಲೆ ಕಟ್ಟೆ ಏರಿ ಮನುಷ್ಯರ ಜಾಗ. ಒಂದೇ ಸೂರು, ಒಂದೇ ಗಾಳಿ. 2016ರಲ್ಲಿ ಅಮೆರಿಕದ ಎರಡು ರೈತ ಸಮುದಾಯಗಳ ಮಕ್ಕಳನ್ನು ಹೋಲಿಸಿದ ಅಧ್ಯಯನವೊಂದು ಪ್ರಕಟವಾಯಿತು. ಅಮಿಶ್ ಜನ ಈಗಲೂ ಕುದುರೆ ಕಟ್ಟಿ ಉಳುವವರು, ಕೊಟ್ಟಿಗೆ ಮನೆಯ ಪಕ್ಕದಲ್ಲೇ. ಹಟರೈಟರು ದೊಡ್ಡ ಯಂತ್ರಗಳ ಬೇಸಾಯದವರು, ದನಗಳು ಮನೆಯಿಂದ ದೂರ. ಎರಡೂ ಗುಂಪಿನ ವಂಶಮೂಲ ಯುರೋಪಿನದೇ, ಬಹಳ ಹತ್ತಿರದ್ದು. ಅಮಿಶ್ ಶಾಲಾ ಮಕ್ಕಳಲ್ಲಿ ಅಸ್ತಮಾ ನೂರಕ್ಕೆ 5ರಷ್ಟು, ಹಟರೈಟರಲ್ಲಿ 21ರಷ್ಟು. ಕೊಟ್ಟಿಗೆಯ ಧೂಳಿನಲ್ಲಿರುವ ಸೂಕ್ಷ್ಮಜೀವಿಗಳ ಅಂಶ ಎಳವೆಯಿಂದಲೇ ಮೈಯ ರಕ್ಷಣಾ ವ್ಯವಸ್ಥೆಯನ್ನು ಪಳಗಿಸುತ್ತದೆ ಎಂಬುದು ಅವರು ಕೊಟ್ಟ ಕಾರಣ. ಅತ್ತೆಗೆ ಇದನ್ನು ಓದಿ ಹೇಳಿದಾಗ, "ಹಂಗಾರ ನಾ ಹೇಳಿದ್ದ ಖರೆ" ಅಂದರು. ಖರೆಯೇ. ಆದರೆ ಅದು ಹುಟ್ಟಿದಾಗಿನಿಂದ ಕೊಟ್ಟಿಗೆಯ ಮಗ್ಗುಲಲ್ಲಿ ಬೆಳೆದ ಮಕ್ಕಳ ಮಾತು. ಅಲರ್ಜಿ ಕಾಲೂರಿದ ಮೇಲೆ ಅದೇ ಧೂಳಿನೊಳಗೆ ಮಗುವನ್ನು ಕೂಡಿಸಿದರೆ ವಾಸಿಯಾಗುತ್ತದೆ ಎಂದಲ್ಲ. ನಾವಂತೂ ಹತ್ತು ವರ್ಷದ ಹಿಂದೆಯೇ ದನ ಮಾರಿ ಟ್ರ್ಯಾಕ್ಟರ್ ಬಾಡಿಗೆಗೆ ಹಿಡಿದವರು.

ಸೀನು ಕಡಿಮೆಯಾದ ಮೇಲೆ ಮಗಳ ಬೇಡಿಕೆ ಮತ್ತೆ ಎದ್ದಿತು. ಏನಾದರೂ ಒಂದು ಜೀವ ಬೇಕು. ಸಲಹೆಗಳಿಗೆ ಬರವಿರಲಿಲ್ಲ. ಮುಧೋಳದ ಕಡೆಯ ಬೀಗರು ಫೋನ್ ಮಾಡಿ, ನಮ್ಮ ನಾಯಿಗೆ ಕೂದಲೇ ಇಲ್ಲದಷ್ಟು ಗಿಡ್ಡ, ಅಲರ್ಜಿ ಎಲ್ಲಿಂದ ಬರಬೇಕು, ಮರಿ ಕೊಡುತ್ತೇವೆ ಅಂದರು. ಮುಧೋಳ ನಾಯಿಯ ಮೇಲೆ ನನಗೂ ಆಸೆ. ಬಿಲ್ಲಿನಂಥ ಬೆನ್ನು, ಓಡಿದರೆ ನೆಲ ಮುಟ್ಟದ ಕಾಲು. ಭಾರತೀಯ ಅಂಚೆ ಇಲಾಖೆ 2005ರಲ್ಲಿ ದೇಶದ ನಾಲ್ಕು ನಾಯಿ ತಳಿಗಳ ಅಂಚೆಚೀಟಿ ತಂದಾಗ ಅದೂ ಒಂದಾಗಿತ್ತು. ಆದರೆ ನಾಯಿಯ ಕಥೆಯೂ ಬೆಕ್ಕಿನದೇ. ಕ್ಯಾನ್ ಎಫ್ 1 ಎಂಬ ಪ್ರೋಟೀನು ಜೊಲ್ಲಿನಲ್ಲಿದೆ, ಚರ್ಮದ ಹೊಟ್ಟಿನಲ್ಲಿದೆ. ಕೂದಲು ಗಿಡ್ಡವಾದ ಮಾತ್ರಕ್ಕೆ ಚರ್ಮ ಉದುರುವುದು ನಿಲ್ಲುತ್ತದೆಯೇ? ಅಲರ್ಜಿ ಬಾರದ ತಳಿ ಎಂದು ದುಬಾರಿ ಬೆಲೆಗೆ ಮಾರುವ ನಾಯಿಗಳಿವೆ. ಡೆಟ್ರಾಯಿಟ್‌ನ ಸಂಶೋಧಕರು 2011ರಲ್ಲಿ ಒಂದೊಂದೇ ನಾಯಿ ಇದ್ದ 173 ಮನೆಗಳ ಧೂಳು ತೆಗೆದು ನೋಡಿದರು. ಆ ತಳಿಗಳ ಮನೆಗೂ ಬೇರೆ ತಳಿಗಳ ಮನೆಗೂ ಕ್ಯಾನ್ ಎಫ್ 1ರ ಮಟ್ಟದಲ್ಲಿ ವ್ಯತ್ಯಾಸ ಸಿಗಲಿಲ್ಲ. ಬೀಗರಿಗೆ ಬೇಜಾರಾಗದಂತೆ ಹೇಳುವುದು ಈ ಲೆಕ್ಕಕ್ಕಿಂತ ಕಷ್ಟವಾಯಿತು.

ಹಾಗಾದರೆ ರೆಕ್ಕೆಯ ಜೀವ. ಮಗ ಸಂತೆಯಲ್ಲಿ ಗಿಳಿಮರಿ ಮಾರುವವನನ್ನು ಕಂಡು ಬಂದಿದ್ದ. ಬಿದಿರ ಬುಟ್ಟಿಯೊಳಗೆ ಆರೇಳು ಮರಿ, ಇನ್ನೂ ಪುಕ್ಕ ಬಲಿಯದವು. ನಮ್ಮ ಯಜಮಾನರ ಸೋದರಮಾವನ ಮನೆಯಲ್ಲಿ ಪಡಸಾಲೆಯ ಜಂತಿಗೆ ಗಿಳಿಪಂಜರ ತೂಗಾಡುತ್ತಿದ್ದುದನ್ನು ನಾನೇ ನೋಡಿದ್ದೇನೆ. ಅದು ಅವರ ಹೆಸರು ಕರೆಯುತ್ತಿತ್ತು, ಮೆಣಸಿನಕಾಯಿ ತಿನ್ನುತ್ತಿತ್ತು. ಹಾಗಾಗಿ ಗಿಳಿ ಸಾಕುವುದು ಅಪರಾಧ ಎಂದರೆ ಊರಲ್ಲಿ ಯಾರೂ ನಂಬುವುದಿಲ್ಲ. ಆದರೆ ಅದು ಅಪರಾಧವೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ, ಅದಕ್ಕೆ ಬಂದ ತಿದ್ದುಪಡಿಗಳು ನಮ್ಮ ನಾಡಿನ ಗಿಳಿ, ಮುನಿಯ, ಮೈನಾ ಎಲ್ಲವನ್ನೂ ಕಾಯುತ್ತವೆ. ಹಿಡಿಯುವಂತಿಲ್ಲ, ಮಾರುವಂತಿಲ್ಲ, ಕೊಳ್ಳುವಂತಿಲ್ಲ. ಬುಟ್ಟಿಯೊಳಗಿನ ಆ ಆರೇಳು ಮರಿಗಳ ಹಿಂದೆ ದಾರಿಯಲ್ಲೇ ಸತ್ತವು ಎಷ್ಟೋ. ಪೊಟರೆಯಿಂದ ಕಿತ್ತು ತಂದವು ಅವು. ನನ್ನ ಮಗನಿಗೆ ಇದನ್ನು ಹೇಳಿದಾಗ ಅವನು ತುಸು ಹೊತ್ತು ಸುಮ್ಮನಿದ್ದು, "ಹಂಗಾರ ಮಾವಜ್ಜ ಮಾಡಿದ್ದು ತಪ್ಪಲ್ಲೇನ್?" ಅಂದ. ತಪ್ಪೇ, ಗೊತ್ತಿಲ್ಲದೆ ಮಾಡಿದ ತಪ್ಪು ಅಂದೆ. ಗೊತ್ತಾದ ಮೇಲೆ ನಾವು ಮಾಡುವ ಹಾಗಿಲ್ಲ.

ನಕ್ಷತ್ರ ಆಮೆಯದು ಇನ್ನೂ ದೊಡ್ಡ ಮೋಹ. ಬೆನ್ನ ಚಿಪ್ಪಿನ ಮೇಲೆ ಹಳದಿ ಗೆರೆಗಳ ಚಿಕ್ಕಿ, ಯಾರೋ ಕೂತು ರಂಗೋಲಿ ಹಾಕಿದಂತೆ. ಕೂದಲಿಲ್ಲ, ಪುಕ್ಕವಿಲ್ಲ, ಸೊಪ್ಪು ತಿಂದು ಸುಮ್ಮನಿರುತ್ತದೆ, ಮನೆಗೆ ಲಕ್ಷ್ಮಿ ಬರುತ್ತಾಳೆ ಎಂಬ ಮಾತು ಬೇರೆ. ಪರಿಚಯದವರೊಬ್ಬರು ಆಂಧ್ರದ ಕಡೆಯಿಂದ ತರಿಸಿಕೊಡುತ್ತೇನೆ ಅಂದರು. ಅಲರ್ಜಿಯ ಲೆಕ್ಕದಲ್ಲಿ ಅದು ಒಳ್ಳೆಯ ಪ್ರಾಣಿಯೇ. ಆದರೆ ಈ ಲಕ್ಷ್ಮಿಯ ಮಾತೇ ಅದರ ಕುತ್ತಿಗೆಗೆ ಬಂದಿದೆ. ಕಳ್ಳಸಾಗಣೆಯಲ್ಲಿ ಇಡೀ ಜಗತ್ತಿಗೆ ಹೋಗುವ ಆಮೆ ಅದು. 2019ರಲ್ಲಿ ಅಂತರರಾಷ್ಟ್ರೀಯ ಒಪ್ಪಂದ ಸೈಟಿಸ್‌ನ ಮೊದಲ ಪಟ್ಟಿಗೆ ಅದನ್ನು ಏರಿಸಿದರು. ನಮ್ಮ ಕಾಯ್ದೆಯ 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ ಅದು ಅನುಸೂಚಿ 1ರಲ್ಲಿದೆ, ಅಂದರೆ ಹುಲಿಯ ಸಾಲಿನಲ್ಲಿ. ಮೂರರಿಂದ ಏಳು ವರ್ಷ ಜೈಲು, 25 ಸಾವಿರಕ್ಕೆ ಕಡಿಮೆಯಿಲ್ಲದ ದಂಡ. ಮನೆಯ ಹಿತ್ತಲಲ್ಲಿ ಟೊಮೆಟೊ ತಿನ್ನುತ್ತ ಓಡಾಡುವ ಆಮೆಗೆ ಈ ಶಿಕ್ಷೆಯೇ ಎಂದು ಕೇಳುತ್ತಾರೆ. ಹೌದು.

ಅಂಗಡಿಯಲ್ಲಿ ಬಹಿರಂಗವಾಗಿ ಮಾರುವ ಆಮೆಯೊಂದಿದೆ. ಕಣ್ಣಿನ ಹಿಂದೆ ಕೆಂಪು ಪಟ್ಟೆ, ಐದು ರೂಪಾಯಿ ನಾಣ್ಯದಷ್ಟು ಮರಿ. ಅದು ಅಮೆರಿಕದ ಮಿಸಿಸಿಪ್ಪಿ ನದಿ ಬಯಲಿನದು. ಕೆಲವೇ ವರ್ಷದಲ್ಲಿ ಊಟದ ತಟ್ಟೆಯಷ್ಟಾಗುತ್ತದೆ, ಮೂವತ್ತು ವರ್ಷ ಬದುಕಬಲ್ಲದು. ಜೊತೆಗೆ ಸಾಲ್ಮೊನೆಲ್ಲಾ ಎಂಬ ಹೊಟ್ಟೆಬೇನೆಯ ರೋಗಾಣು. ಸಣ್ಣ ಮಕ್ಕಳು ಆಮೆಮರಿ ಬಾಯಿಗಿಟ್ಟು ಕಾಯಿಲೆ ಬೀಳುತ್ತಿದ್ದುದರಿಂದ, ನಾಲ್ಕು ಇಂಚಿಗಿಂತ ಚಿಕ್ಕ ಆಮೆಗಳ ಮಾರಾಟವನ್ನು ಅಮೆರಿಕವೇ 1975ರಲ್ಲಿ ನಿಲ್ಲಿಸಿತು. ಬೆಳೆದು ಬೇಡವಾದಾಗ ಜನ ಕೆರೆಗೆ ಬಿಡುತ್ತಾರೆ. ನಮ್ಮ ಜಿಲ್ಲೆಯ ಮಾಗಡಿ ಕೆರೆಗೆ 2024ರ ಜನವರಿಯಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲವೆಂಬ ರಾಮ್ಸಾರ್ ಮನ್ನಣೆ ಸಿಕ್ಕಿದೆ. ಚಳಿಗಾಲಕ್ಕೆ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳ ಕೆರೆ ಅದು. ಅಂಥ ನೀರಿಗೆ ಪರದೇಶದ ಆಮೆ ಬಿಡುವ ಕೈ ನಮ್ಮ ಮನೆಯದಾಗಬಾರದು.

ಮೊಲ, ಗಿನಿಯಿಲಿ ಎರಡನ್ನೂ ಬೇಗ ಬಿಟ್ಟೆವು. ಅವುಗಳ ಜೊಲ್ಲು, ಮೂತ್ರದಲ್ಲೂ ಅಲರ್ಜಿ ಪ್ರೋಟೀನು ಇದೆ, ತಿನ್ನಿಸುವ ಒಣಹುಲ್ಲಿನ ಧೂಳು ಅದರ ಮೇಲೆ. ಹಾವೇರಿ ಕಡೆಯ ನನ್ನ ಅಕ್ಕ ರೇಷ್ಮೆಹುಳು ಸಾಕುತ್ತಾಳೆ. ಹತ್ತು ಹುಳು ಡಬ್ಬಿಯಲ್ಲಿ ಕೊಡ್ತೀನಿ, ಹಿಪ್ಪುನೇರಳೆ ಎಲೆ ಹಾಕಿದರೆ ಸಾಕು ಅಂದಳು. ಇದು ನನಗೆ ಬಹಳ ಹಿಡಿಸಿತು, ಪಾಠವೂ ಆಗುತ್ತದೆ. ಆದರೆ ಪತಂಗ ಹೊರಬಂದಾಗ ರೆಕ್ಕೆಯ ಹೊಟ್ಟು ಉದುರುತ್ತದೆ. ರೇಷ್ಮೆ ಕೆಲಸಗಾರರಿಗೆ ಅದರಿಂದ ದಮ್ಮು ಬರುವುದು ವೈದ್ಯರಿಗೆ ಗೊತ್ತಿರುವ ವಿಷಯ. ಬೆಂಗಳೂರಿನಲ್ಲಿರುವ ನನ್ನ ತಮ್ಮನ ಮಗ ಇಗುವಾನಾ, ಹೆಬ್ಬಾವಿನ ಮಾತು ತೆಗೆದ. ಸೈಟಿಸ್ ಪಟ್ಟಿಯ ಇಂಥ ಪರದೇಶಿ ಪ್ರಾಣಿಗಳನ್ನು ಇಟ್ಟುಕೊಂಡವರು ಕೇಂದ್ರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕೆಂದು 2024ರ ಫೆಬ್ರುವರಿಯಲ್ಲಿ ನಿಯಮ ಬಂದಿದೆ. ಹಲ್ಲಿಜಾತಿಯ ಹಲವು ಪ್ರಾಣಿಗಳಿಗೆ ಜಿರಲೆ, ಮಿಡತೆ ಸಾಕಿ ತಿನ್ನಿಸಬೇಕು. ಜಿರಲೆಯೇ ಅಸ್ತಮಾದ ದೊಡ್ಡ ಕಾರಣಗಳಲ್ಲೊಂದು.

ಪಾರಿವಾಳದ ಬಗ್ಗೆ ಮಾತ್ರ ನಿಂತು ಹೇಳಬೇಕು. ನಮ್ಮ ಕಡೆ ಮಾಳಿಗೆ ಮೇಲೆ ಗೂಡು ಕಟ್ಟಿ ಪಾರಿವಾಳ ಸಾಕುವ ಹುರುಪು ಬಹಳ. ಬೆಟಗೇರಿಯ ನಮ್ಮ ಪರಿಚಿತರೊಬ್ಬರು ಇಪ್ಪತ್ತು ವರ್ಷ ಸಾಕಿದವರು. ಒಣಕೆಮ್ಮು, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಟಿ.ಬಿ. ಎಂದು ತಿಂಗಳುಗಟ್ಟಲೆ ತಿರುಗಾಡಿದರು. ಕೊನೆಗೆ ಗೊತ್ತಾದದ್ದು, ಹಕ್ಕಿಯ ಹಿಕ್ಕೆ ಮತ್ತು ಪುಕ್ಕದ ಪುಡಿಯಿಂದ ಶ್ವಾಸಕೋಶದ ಒಳಗಿನ ಗೂಡುಗಳೇ ಊದಿಕೊಂಡು ಗಟ್ಟಿಯಾಗುವ ಕಾಯಿಲೆ. ಇದು ಸೀನಿನ ಅಲರ್ಜಿಯಲ್ಲ, ಸೀನಿಲ್ಲದೆ ಸದ್ದಿಲ್ಲದೆ ಬರುತ್ತದೆ. ಶ್ವಾಸಕೋಶ ಗಟ್ಟಿಯಾಗುವ ಕಾಯಿಲೆಗಳ ಭಾರತದ ನೋಂದಣಿಯೊಂದು 2017ರಲ್ಲಿ ಪ್ರಕಟವಾಯಿತು. 1,084 ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಇದ್ದದ್ದು ಈ ಬಗೆಯದೇ. ಅವರಲ್ಲಿ ಬಹಳ ಜನರ ಮನೆಯಲ್ಲಿ ಬೇಸಿಗೆಯ ಏರ್ ಕೂಲರ್ ಇತ್ತು. ಅದರ ತೇವದ ಹುಲ್ಲುಪರದೆಯ ಬೂಷ್ಟನ್ನೂ ನಾವು ಮರೆಯಬಾರದು. ಲವ್ ಬರ್ಡ್ಸ್ ಎಂದು ಮಾರುವ ಬಣ್ಣದ ಹಕ್ಕಿಗಳನ್ನು ಸಾಕಲು ಕಾನೂನಿನ ಅಡ್ಡಿಯಿಲ್ಲ, ಆದರೆ ಪುಕ್ಕದ ಪುಡಿ ಅವಕ್ಕೂ ಇದೆ. ದಮ್ಮಿರುವ ಮಗು ಮಲಗುವ ಕೋಣೆಗಂತೂ ಆ ಪಂಜರ ಬೇಡ.

ಹೀಗೆ ಒಂದೊಂದೇ ಬಿಟ್ಟು ಬಂದಾಗ ನನಗೆ ಹೊಳೆದದ್ದು ಇಷ್ಟು. ಯಾವ ಪ್ರಾಣಿಗೆ ಕೂದಲಿಲ್ಲ ಎಂದು ಹುಡುಕಿ ನಾನು ತಪ್ಪಿದ್ದೆ. ಯಾವ ಪ್ರಾಣಿಯ ಮೈಯ ಹೊಟ್ಟು ನಮ್ಮ ಉಸಿರಿಗೆ ಬರುವುದಿಲ್ಲ ಎಂದು ಹುಡುಕಬೇಕಿತ್ತು. ಹಾಗೆ ಕೇಳಿಕೊಂಡ ಕೂಡಲೇ ಉತ್ತರ ನೀರಿನೊಳಗಿತ್ತು.

ಆ ಉತ್ತರ ಮನೆಗೆ ಬಂದದ್ದು ಆಶಾ ಕಾರ್ಯಕರ್ತೆಯ ಕೈಯಲ್ಲಿ. ಡೆಂಗೀ ದಿನಗಳಲ್ಲಿ ಲಾರ್ವಾ ನೋಡಲು ಬಂದವಳು ಹಿತ್ತಲಲ್ಲಿದ್ದ ದನದ ಕಲ್ಲಬಾನಿಯಲ್ಲಿ ಬ್ಯಾಟರಿ ಬಿಟ್ಟು ನೋಡಿದಳು. ದನ ಹೋದ ಮೇಲೆ ಮಳೆನೀರು ನಿಂತು, ಸೊಳ್ಳೆಮರಿ ಕುಣಿಯುತ್ತಿದ್ದವು. "ಚೆಲ್ಲ್ರಿ ಅಕ್ಕಾರ, ಇಲ್ಲಾಂದ್ರ ಮೀನ ಬಿಡ್ರಿ" ಅಂದಳು. ಗಪ್ಪಿ ಮೀನು. ಆರೋಗ್ಯ ಇಲಾಖೆ ಬಾವಿ, ತೊಟ್ಟಿಗಳಿಗೆ ಬಿಡುವುದು ಗಪ್ಪಿ ಮತ್ತು ಗ್ಯಾಂಬೂಸಿಯಾವನ್ನೇ. ಬೆಳೆದ ಒಂದು ಗಪ್ಪಿ ದಿನಕ್ಕೆ 80ರಿಂದ 100 ಸೊಳ್ಳೆಮರಿ ತಿನ್ನುತ್ತದೆ. ಟ್ರಿನಿಡಾಡ್ ದ್ವೀಪದಿಂದ ಅದನ್ನು ಲಂಡನ್ನಿಗೆ ಕಳಿಸಿದ ರಾಬರ್ಟ್ ಗಪ್ಪಿ ಎಂಬವರ ಹೆಸರೇ 1866ರಲ್ಲಿ ಅದಕ್ಕೆ ಬಂತು. ನಮ್ಮ ದೇಶಕ್ಕೆ ಬಂದು ಶತಮಾನ ದಾಟಿದೆ.

ಅತ್ತೆ ಒಪ್ಪಲಿಲ್ಲ. "ನಮ್ಮಂಥವರ ಮನ್ಯಾಗ ಮೀನ ತಂದ್ರ ಮಂದಿ ಏನಂದಾರ?" ತಿನ್ನಲಿಕ್ಕಲ್ಲ ಅತ್ತೀ, ಸಾಕಲಿಕ್ಕೆ ಅಂದೆ. ಮೊಮ್ಮಗಳೇ ಮುಂದಾಗಿ ಹೇಳಿದಳು: "ಆಯಿ, ಅವು ಸೊಳ್ಳಿ ತಿಂತಾವ. ನಿನಗ ಕಡಿಯೂ ಸೊಳ್ಳಿ." ಅವರು ಮಾತಾಡಲಿಲ್ಲ. ಅದನ್ನೇ ಒಪ್ಪಿಗೆ ಅಂದುಕೊಂಡೆವು.

ಮೊದಲ ಏಳು ಮೀನು ಒಂದೇ ವಾರದಲ್ಲಿ ಸತ್ತವು. ತಪ್ಪು ನನ್ನದೇ. ಬಾನಿಯನ್ನು ಸೋಪುಪುಡಿ ಹಾಕಿ ತಿಕ್ಕಿದೆ, ನಳದ ನೀರು ಹಾಗೇ ತುಂಬಿದೆ, ಎರಡು ದಿನಕ್ಕೊಮ್ಮೆ ಇಡೀ ನೀರು ಬದಲಿಸಿದೆ. ಸ್ವಚ್ಛತೆಯೆಂದರೆ ಅದೇ ಎಂದು ತಿಳಿದಿದ್ದೆ. ನಳದ ನೀರಿನ ಕ್ಲೋರಿನ್ ಮೀನಿನ ಕಿವಿರನ್ನು ಸುಡುತ್ತದೆ. ತೆರೆದ ಬಕೆಟ್ಟಿನಲ್ಲಿ ಒಂದು ದಿನ ಬಿಸಿಲಿಗಿಟ್ಟರೆ ಹಾರಿಹೋಗುತ್ತದೆ. ಅದಕ್ಕಿಂತ ಮುಖ್ಯ, ಮೀನು ಹೊರಹಾಕುವ ಅಮೋನಿಯ ವಿಷ. ಕಲ್ಲಿನ ಮೈಗೆ, ಮರಳಿಗೆ ಅಂಟಿ ಬೆಳೆಯುವ ಬ್ಯಾಕ್ಟೀರಿಯ ಅದನ್ನು ನೈಟ್ರೈಟ್ ಮಾಡುತ್ತವೆ, ಬೇರೆ ಬ್ಯಾಕ್ಟೀರಿಯ ಅದನ್ನು ಅಷ್ಟು ಅಪಾಯವಿಲ್ಲದ ನೈಟ್ರೇಟ್ ಮಾಡುತ್ತವೆ. ಈ ಜೀವಿಗಳು ನೆಲೆಗೊಳ್ಳಲು ನಾಲ್ಕಾರು ವಾರ ಬೇಕು. ನಾನು ತಿಕ್ಕಿ ತಿಕ್ಕಿ ಅವನ್ನೇ ತೊಳೆದುಹಾಕಿದ್ದೆ. ನೈಟ್ರೋಜನ್ ಚಕ್ರವನ್ನು ಪ್ರತಿವರ್ಷ ಹಲಗೆಯ ಮೇಲೆ ಬರೆಯುವವಳು ನಾನು. ಸತ್ತ ಏಳು ಮೀನನ್ನು ಮಗಳು ಕರಿಬೇವಿನ ಬುಡದಲ್ಲಿ ಹೂತು ಕಲ್ಲಿಟ್ಟಳು.

ಎರಡನೇ ಸಲ ಕಾದೆವು. ಬಾನಿಗೆ ಹಳ್ಳದ ಮರಳು ತೊಳೆದು ಹಾಕಿ, ಅಂಗಡಿಯಿಂದ ತಂದ ನೀರುಗಿಡ ಊರಿ, ಎರಡೇ ಮೀನು ಹಾಕಿ ಒಂದು ತಿಂಗಳು ಹಾಗೇ ಬಿಟ್ಟೆವು. ವಾರಕ್ಕೆ ಕಾಲುಭಾಗ ನೀರು ಮಾತ್ರ ಬದಲು, ತೆಗೆದ ನೀರು ಮಲ್ಲಿಗೆ ಬಳ್ಳಿಗೆ. ನಮ್ಮ ಸೀಮೆಯ ಬೋರಿನ ಗಡಸುನೀರನ್ನು ಕುಡಿಯಲು ನಾವು ಬೈಯುತ್ತೇವೆ, ಗಪ್ಪಿಗೆ ಗಡಸುನೀರೇ ಒಗ್ಗುತ್ತದೆ. ಬಾನಿ ಹಿತ್ತಲಲ್ಲಿ, ಹೊಂಗೆಯ ನೆರಳಲ್ಲಿ. ಮನೆಯೊಳಗೆ ಗಾಜಿನ ತೊಟ್ಟಿ ಇಡುವವರು ಮಲಗುವ ಕೋಣೆಯಲ್ಲಿಡದೆ, ಮೇಲೆ ಮುಚ್ಚಳ ಹಾಕುವುದು ಒಳ್ಳೆಯದು. ಕೋಣೆಯ ತೇವ ಹೆಚ್ಚಿದರೆ ನುಸಿ, ಬೂಷ್ಟು ಹೆಚ್ಚುತ್ತವೆ.

ಮೀನಿನಿಂದ ಅಲರ್ಜಿಯೇ ಇಲ್ಲ ಎಂದು ನಂಬಿ ಕೂತಾಗ ಇನ್ನೊಂದು ಪಾಠವಾಯಿತು. ಅಂಗಡಿಯವನು ಕೊಟ್ಟ ಒಣ ಕೆಂಪುಹುಳುವಿನ ಡಬ್ಬಿ ತೆರೆದು ಮಗಳು ಚಿಟಿಕೆ ಹಾಕಿದಳು, ಅಲ್ಲೇ ಸೀನಲು ಶುರು. ಕೆಂಪುಹುಳುವೆಂದರೆ ನೀರಿನಲ್ಲಿ ಬೆಳೆಯುವ ಒಂದು ನೊಣಜಾತಿಯ ಮರಿ. ಒಣಗಿಸಿದ ಅದರ ಪುಡಿ ತೀವ್ರ ಅಲರ್ಜಿ ತರಬಲ್ಲದು. ಮೀನು ಸಾಕುವವರಲ್ಲಿ ಇದು ಕಂಡುಬಂದಿದೆ. ಡಬ್ಬಿ ಅಂದೇ ಮರಳಿ ಹೋಯಿತು. ಈಗ ಮೀನಿಗೆ ಹಾಕುವುದು ಬೇಯಿಸಿದ ಮೊಟ್ಟೆಯ ಹಳದಿಯಲ್ಲ, ಹಿಟ್ಟಲ್ಲ, ನುಚ್ಚಲ್ಲ. ಕಾಳಿನ ಆಕಾರದ ತೇಲುವ ಆಹಾರ, ಪುಡಿ ಏಳದಂಥದ್ದು. ಉಳಿದದ್ದು ಸೊಳ್ಳೆಗಳ ಕೃಪೆ. ಕೈಗೆ ಗಾಯವಾಗಿದ್ದರೆ ನೀರಿಗೆ ಕೈಹಾಕಬಾರದು, ಹಾಕಿದ ಮೇಲೆ ಸೋಪಿನಿಂದ ತೊಳೆಯಬೇಕು.

ಒಂದು ಮುಂಜಾನೆ ಮಗಳು ಕೂಗಿದಳು. ಬಾಲದ ಹತ್ತಿರ ಹೊಟ್ಟೆಯಲ್ಲಿ ಕಪ್ಪು ಕಲೆ ದಟ್ಟವಾಗಿದ್ದ ಹೆಣ್ಣು ಮೀನು ಗಿಡದ ಬುಡದಲ್ಲಿ ನಡುಗುತ್ತ ನಿಂತಿತ್ತು. ಗಪ್ಪಿ ಮೊಟ್ಟೆಯಿಡುವುದಿಲ್ಲ, ಮರಿ ಹಾಕುತ್ತದೆ. ನಾವು ನೋಡುತ್ತಿದ್ದಂತೆ ಒಂದು ಸಣ್ಣ ಗುಳಿಗೆಯಂಥದು ಹೊರಬಿದ್ದು, ಮರಳಿನ ಮೇಲೆ ಇಳಿಯುತ್ತ ಇಳಿಯುತ್ತ ಬಿಚ್ಚಿಕೊಂಡು, ಎರಡು ಕಣ್ಣು ಮತ್ತು ಬಾಲವಾಗಿ ಸರ್ರನೆ ಗಿಡದೊಳಗೆ ಓಡಿತು. ಇನ್ನೊಂದು. ಮತ್ತೊಂದು. ತಾಯಿಯೇ ಮರಿ ತಿನ್ನುವುದುಂಟು, ಅದಕ್ಕೆ ಗಿಡ ದಟ್ಟವಾಗಿರಬೇಕು. ಮಗಳು ನೋಟುಬುಕ್ಕಿನಲ್ಲಿ ಗೀಟು ಹಾಕುತ್ತ ಹೋದಳು, ಇಪ್ಪತ್ಮೂರು ಗೀಟು. ನಮ್ಮತ್ತೆ ಬಾನಿಯ ಅಂಚಿಗೆ ಕೈಯೂರಿ ಬಗ್ಗಿದ್ದರು. "ಬಾಣಂತಿಗೆ ಏನ ಹಾಕ್ತೀರಿ ಇವತ್ತ?" ಅಂದರು.

ಮರಿಗಳು ಹೆಚ್ಚಾದಾಗ ಅವನ್ನು ಕೆರೆಗಾಗಲಿ ಹಳ್ಳಕ್ಕಾಗಲಿ ಬಿಡುವುದಿಲ್ಲ. ಸೊಳ್ಳೆ ತಿನ್ನುವ ಬಾಯಿ ನಮ್ಮ ನೀರಿನ ಚಿಕ್ಕ ಮೀನುಗಳ ಮೊಟ್ಟೆಯನ್ನೂ ಬಿಡುವುದಿಲ್ಲ. ಬೇಕೆಂದವರ ಮನೆಯ ತೊಟ್ಟಿಗೆ ಕೊಡುತ್ತೇವೆ. ಓಣಿಯ ನಾಲ್ಕು ಮನೆಯಲ್ಲಿ ಈಗ ನಮ್ಮ ಮೀನಿವೆ.

ಆದರೆ ಒಂದು ಕೊರತೆಯನ್ನು ಮುಚ್ಚಿಟ್ಟು ಬರೆದರೆ ನಾನು ಸುಳ್ಳಾಡಿದಂತೆ. ಮೀನನ್ನು ಅಪ್ಪಿಕೊಳ್ಳಲಾಗುವುದಿಲ್ಲ. "ಅವ್ವಾ, ಇವು ನನ್ನ ಗುರ್ತ ಹಿಡೀತಾವು, ಖರೆ. ಆದ್ರ ಮುಟ್ಟಾಕ ಬರಂಗಿಲ್ಲ" ಎಂದು ಮಗಳು ಒಂದು ಸಂಜೆ ಹೇಳಿದಳು. ತೊಡೆಯ ಮೇಲೆ ಬೆಚ್ಚಗೆ ಮಲಗಿದ್ದ ಚಿನ್ನಿಯ ಜಾಗ ಖಾಲಿಯೇ ಇದೆ. ಅಲರ್ಜಿ ಇರುವ ಮನೆ ಅದನ್ನು ಒಪ್ಪಿಕೊಂಡೇ ಪ್ರಾಣಿ ಆರಿಸಬೇಕು. ಯಾರಾದರೂ ಪ್ರಾಣಿ ತರುವ ಮೊದಲು ಅದೇ ಜಾತಿ ಇರುವ ಮನೆಗೆ ಮಗುವನ್ನು ನಾಲ್ಕಾರು ಸಲ ಕರೆದೊಯ್ದು, ಒಂದೆರಡು ತಾಸು ಕೂಡಿಸಿ ನೋಡಿ. ಒಂದೇ ಭೇಟಿಯಲ್ಲಿ ಗೊತ್ತಾಗುವುದಿಲ್ಲ. ತಂದು, ಪ್ರೀತಿ ಹತ್ತಿದ ಮೇಲೆ ಕಳಿಸುವ ದುಃಖ ಮಗುವಿಗೂ ಬೇಡ, ಪ್ರಾಣಿಗೂ ಬೇಡ.

ಈ ದೀಪಾವಳಿ ರಜೆಯಲ್ಲಿ ಅವಳನ್ನು ನಮ್ಮ ತಾಲ್ಲೂಕಿನದೇ ಆದ ಬಿಂಕದಕಟ್ಟಿ ಮೃಗಾಲಯಕ್ಕೆ ಕರೆದುಕೊಂಡು ಹೋಗಿದ್ದೆ. ಹುಲಿ, ಸಿಂಹ ನೋಡಲು ಎಲ್ಲರೂ ಮುಂದೆ ಓಡಿದರು, ಇವಳು ಕೃಷ್ಣಮೃಗಗಳ ಆವರಣದ ಜಾಲರಿ ಹಿಡಿದು ನಿಂತಳು. ನಮ್ಮ ಕಡೆ ಚಿಗರಿ ಅನ್ನುತ್ತಾರೆ. ಹೊಲದ ಹೆಸರು, ಕಡಲೆ ಮೇಯುತ್ತವೆಂದು ನಮ್ಮವರು ರಾತ್ರಿ ಕಾಯುವುದು ಇವನ್ನೇ. ಗಂಡಿನ ಸುರುಳಿಗೊಂಬು, ಕಣ್ಣಸುತ್ತ ಬಿಳಿ. ಕರ್ನಾಟಕದ ಮೃಗಾಲಯಗಳಲ್ಲಿ ಪ್ರಾಣಿಗಳನ್ನು ದತ್ತು ಪಡೆಯಬಹುದು. 2021ರ ಜೂನ್‌ನಲ್ಲಿ ಲಾಕ್‌ಡೌನಿನಿಂದ ಮೃಗಾಲಯಗಳಿಗೆ ಬಾಗಿಲು ಬಿದ್ದು ಆದಾಯ ನಿಂತಾಗ ಸಾವಿರಾರು ಕನ್ನಡಿಗರು ಹೀಗೆ ದತ್ತು ಪಡೆದರು. ಒಂದು ವರ್ಷದ ಮೇವಿನ ಹಣ ಕಟ್ಟಬೇಕು. ಹಕ್ಕಿಗೆ ಕಡಿಮೆ, ಆನೆಗೆ ಬಹಳ. ಪ್ರಾಣಿ ಇದ್ದಲ್ಲೇ ಇರುತ್ತದೆ, ದತ್ತು ಪಡೆದವರ ಹೆಸರು ಫಲಕದಲ್ಲಿ ಬರುತ್ತದೆ. ಇದನ್ನು ಅವಳಿಗೆ ಓದಿ ಹೇಳಿದೆ.

"ಅಂದ್ರ ಅದು ನಂದ ಆಗತೈತಿ, ಆದ್ರ ನಮ್ಮ ಮನಿಗೆ ಬರಂಗಿಲ್ಲ?"

"ಹೌದವ್ವ."

"ಮುಟ್ಟಾಕೂ ಬರಂಗಿಲ್ಲ."

"ಇಲ್ಲ."

ಅವಳು ಸ್ವಲ್ಪ ಹೊತ್ತು ಯೋಚಿಸಿದಳು. ಜಾಲರಿಯಾಚೆ ಹೆಣ್ಣು ಚಿಗರಿಯೊಂದು ಕಿವಿ ತಿರುಗಿಸಿ ನಮ್ಮ ಕಡೆ ನೋಡಿ ಮತ್ತೆ ಮೇಯತೊಡಗಿತು. ಮನೆಗೆ ಬಂದವಳೇ ಆಯಿಯ ಎಲೆಅಡಿಕೆ ಡಬ್ಬಿಗಳಲ್ಲಿ ಖಾಲಿಯಾದದ್ದೊಂದನ್ನು ತೊಳೆದು, ಒಣಗಿಸಿ, ಮುಚ್ಚಳಕ್ಕೆ ಸೀಳು ಮಾಡಿಸಿಕೊಂಡಿದ್ದಾಳೆ. ಯಜಮಾನರು ಉಳ್ಳಾಗಡ್ಡಿ ಮಾರಿ ಬಂದ ದಿನ ಐವತ್ತು ರೂಪಾಯಿ ಹಾಕಿದರು. ಅತ್ತೆ ಪಿಂಚಣಿಯ ದಿನ ಇಪ್ಪತ್ತು ಹಾಕುತ್ತಾರೆ. ಮೊನ್ನೆ ಎಣಿಸಿದಾಗ ನಾಲ್ಕುನೂರಾ ಮೂವತ್ತು ಆಗಿತ್ತು.